ಎರಡು ಕಾಗದಗಳು

ವಿಜ್ಞಾನದ ವರದಿಗಳು ಫಲವನ್ನು ಹೇಳುತ್ತವೆ; ಅದಕ್ಕಾಗಿ ತೆತ್ತ ಬೆಲೆಯನ್ನು ಅರಿಯಬೇಕಾದರೆ ಖಾಸಗಿ ಕಾಗದಗಳನ್ನೇ ಓದಬೇಕು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿರುವ ಪೀತಜ್ವರ ಸಂಶೋಧನೆಯ ಪತ್ರಸಂಗ್ರಹದ ಪ್ರತಿಗಳನ್ನು ಓದುವಾಗ ನನಗೆ ಹೀಗೆನಿಸಿತು. ಅದನ್ನು ಬಹುಕಾಲ ಶ್ರಮಿಸಿ ಕೂಡಿಸಿದವರು, 1950ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ವೈದ್ಯ ಫಿಲಿಪ್ ಹೆಂಚ್.

ಪೀತಜ್ವರವನ್ನು ಹರಡುವುದು ಸೊಳ್ಳೆಯೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಸಾರಿದ್ದರು. ನಂಬಿದವರು ವಿರಳ. 1900ರಲ್ಲಿ ವಾಲ್ಟರ್ ರೀಡರ ನೇತೃತ್ವದ ಅಮೆರಿಕದ ಸೇನಾ ವೈದ್ಯಮಂಡಲಿಯು ಹವಾನಾದ ಬಳಿ ಆ ಮಾತನ್ನು ಪರೀಕ್ಷೆಗೊಡ್ಡಿತು. ಮಂಡಲಿಯ ಸದಸ್ಯ ಜೆಸ್ಸಿ ಲಜೀರ್ ಸೆಪ್ಟೆಂಬರ್ 8ರಂದು ಮಡದಿಗೆ ಬರೆದರು: ರೋಗದ ನಿಜವಾದ ಜಾಡು ಸಿಕ್ಕಿದಂತಿದೆ, ಆದರೆ ಸದ್ಯಕ್ಕೆ ಯಾರಿಗೂ ಇದರ ಸುಳಿವು ಸಿಗಕೂಡದು. ಹದಿನೇಳು ದಿನಗಳಲ್ಲಿ, ಸೆಪ್ಟೆಂಬರ್ 25ರಂದು, ಅದೇ ಜ್ವರ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರ ವಯಸ್ಸು 34.

ಗೆಳೆಯನ ಹೆಸರನ್ನೇ ಇಟ್ಟ ಶಿಬಿರದಲ್ಲಿ ರೀಡ್ ಪ್ರಯೋಗವನ್ನು ಮುಂದುವರಿಸಿದರು. ಸೊಳ್ಳೆಯ ಪಾತ್ರ ಸ್ಥಿರಪಟ್ಟಿತು. ಡಿಸೆಂಬರ್ 31ರ ನಡುರಾತ್ರಿ ಸಮೀಪಿಸುತ್ತಿರಲು ಅವರೂ ಮಡದಿಗೆ ಬರೆಯಲು ಕುಳಿತರು: ಮನುಷ್ಯರ ಸಂಕಟವನ್ನು ಕಿಂಚಿತ್ತಾದರೂ ತಗ್ಗಿಸಬೇಕೆಂಬ ಇಪ್ಪತ್ತು ವರ್ಷಗಳ ಪ್ರಾರ್ಥನೆ ಈಡೇರಿತು.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದೆ. ರೀಡರ ಕಾಗದದಲ್ಲಿ ಕೃತಾರ್ಥತೆಯಿದೆ. ಲಜೀರರದರಲ್ಲಿ ಬರಿಯ ಆಸೆ. ಮುಂದೇನೆಂದು ಬರೆದವರಿಗೆ ತಿಳಿಯದು, ಓದುವ ನಮಗೆ ತಿಳಿದಿದೆ. ಹೆಂಚ್ ಈ ಹಾಳೆಗಳನ್ನು ಕಾಪಾಡದಿದ್ದರೆ, ಲಜೀರ್ ನಮ್ಮ ಪಾಲಿಗೆ ವರದಿಯೊಂದರ ಹೆಸರಾಗಿ ಮಾತ್ರ ಉಳಿಯುತ್ತಿದ್ದರು.