ನಿಮಗಿದು ಗೊತ್ತೆ? ಹೆಬ್ಬೆಯ ಹಾದಿ ಹುಲಿಯ ಕಾಡಿನದು

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಕಾಫಿ ತೋಟ, ಕಾಡುಗಳ ನಡುವೆ ಇಳಿದು ತಲುಪಬೇಕಾದ ಹೆಬ್ಬೆ ಜಲಪಾತವು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಲ್ಲಿ ಸುಮಾರು 168 ಮೀಟರ್ ಎತ್ತರದಿಂದ ಧುಮುಕುತ್ತದೆ. ಅದಿರುವುದು ಭದ್ರಾ ಹುಲಿ ಮೀಸಲು ಪ್ರದೇಶದೊಳಗಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಮಳೆಗಾಲದಲ್ಲಂತೂ ಒದ್ದೆ ತರಗೆಲೆಗಳಡಿಯಿಂದ ಇಂಬಳಗಳು, ಅಂದರೆ ರಕ್ತ ಹೀರುವ ನೆಲಜಿಗಣೆಗಳು, ಚಾರಣಿಗರ ಕಾಲಿಗೆ ಹತ್ತುತ್ತವೆ. 1951ರಲ್ಲಿ ಜಾಗರ ಕಣಿವೆ ವನ್ಯಧಾಮವಾಗಿ ಆರಂಭವಾದ ಈ ಅರಣ್ಯವು, ಕೇಂದ್ರ ಸರ್ಕಾರವು 1973ರಲ್ಲಿ ಕೈಗೊಂಡ ಸಂರಕ್ಷಣಾ ಕಾರ್ಯಕ್ರಮವಾದ ಹುಲಿ ಯೋಜನೆಯ ವ್ಯಾಪ್ತಿಗೆ 1998ರಲ್ಲಿ ಸೇರಿದ ಬಳಿಕ, ಒಳಗಿದ್ದ ಹಳ್ಳಿಗಳ ಹೆಚ್ಚಿನ ಕುಟುಂಬಗಳು ಪರಿಹಾರವಾಗಿ ಜಮೀನು ಪಡೆದು ಇದೇ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಸ್ಥಳಾಂತರಗೊಂಡವು.