ಹುಳ ಎಣಿಸಿ ಹೊಳೆ ಅಳೆಯುವ ಲೆಕ್ಕ

ಹೊಳೆಯ ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸಿದರೆ ಸಿಗುವುದು ಆ ಹೊತ್ತಿನ ವರದಿ ಮಾತ್ರ. ರಾತ್ರಿ ಯಾರೋ ಬಿಟ್ಟ ಕೊಳಕು ಬೆಳಗಾಗುವಷ್ಟರಲ್ಲಿ ಹರಿದುಹೋಗಿದ್ದರೆ ಬಾಟಲಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಕಲ್ಲಿನಡಿಯ ಹುಳಗಳು ಹಾಗೆ ತಪ್ಪಿಸಿಕೊಳ್ಳಲಾರವು. ತಿಂಗಳುಗಟ್ಟಲೆ, ಕೆಲವು ಜಾತಿಯವು ವರ್ಷಕ್ಕೂ ಹೆಚ್ಚು ಕಾಲ, ಅದೇ ನೀರಿನಲ್ಲಿ ಬೆಳೆಯಬೇಕು. ಅಲ್ಲಿ ಯಾರು ಉಳಿದಿದ್ದಾರೆ, ಯಾರು ಇಲ್ಲ ಎಂಬುದರಿಂದ ಹೊಳೆಯ ಸ್ಥಿತಿ ತಿಳಿಯುತ್ತದೆ.

ಎಲ್ಲವೂ ನಿಂತಿರುವುದು ಮುಖ್ಯವಾಗಿ ಆಮ್ಲಜನಕದ ಮೇಲೆ. ಚರಂಡಿ ನೀರು ಸೇರಿದಾಗ ಅದರ ಕಶ್ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೊದಲು ಕಾಣೆಯಾಗುವುದು ಎರಡು ಬಾಲದ ಸ್ಟೋನ್‌ಫ್ಲೈ ಮರಿಗಳು, ಆಮೇಲೆ ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳಿರುವ ಹಲವು ಮೇಫ್ಲೈ ಮರಿಗಳು. ಆದರೆ ಕಚ್ಚದ ನುಸಿಯೊಂದರ ಮರಿಯಾದ ಕೆಂಪು ರಕ್ತಹುಳು ಅಲ್ಲೂ ಬದುಕುತ್ತದೆ; ಅದರ ಮೈಯಲ್ಲಿ ನಮ್ಮಂತೆಯೇ ಹಿಮೋಗ್ಲೋಬಿನ್ ಇದೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಆಹಾರವಾಗಿ ಮಾರುವುದು ಇದನ್ನೇ.

ಕೆಲಸ ಸರಳ. ಸಣ್ಣ ಕಣ್ಣಿನ ಬಲೆಯನ್ನು ಬಾಯಿ ಹರಿವಿಗೆ ಎದುರಾಗಿರುವಂತೆ ತಳಕ್ಕೆ ಒತ್ತಿ ಹಿಡಿದು, ಅದರ ಮುಂದಿನ ಕಲ್ಲು-ಮರಳನ್ನು ಕಾಲಿನಿಂದ ಕೆದಕಬೇಕು. ಬ್ರಿಟನ್ನಿನ ರೂಢಿ ಮೂರು ನಿಮಿಷ. ಜಾರುಗಲ್ಲು, ಕೊಳೆತ ಎಲೆ, ದಡದ ಬೇರು, ಹೀಗೆ ಎಲ್ಲ ಬಗೆಯ ಜಾಗಕ್ಕೂ ಸಮಯ ಹಂಚಬೇಕು. ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಸುರಿದು ನೋಡಿದರೆ ಕಸದಂತಿದ್ದದ್ದು ನಿಧಾನವಾಗಿ ನಡೆಯತೊಡಗುತ್ತದೆ.

ಬ್ರಿಟನ್ನಿನಲ್ಲಿ ಬೆಳೆದ ಬಿಎಂಡಬ್ಲ್ಯುಪಿ ಪದ್ಧತಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಡುತ್ತದೆ. ಒಂದು ಹುಳವಿದ್ದರೂ ನೂರಿದ್ದರೂ ಅಂಕ ಅಷ್ಟೇ. ಉದಾಹರಣೆಗೆ ಒಂದು ತಟ್ಟೆಯಲ್ಲಿ ದೊಡ್ಡ ಸ್ಟೋನ್‌ಫ್ಲೈ 10, ಚಪ್ಪಟೆ ಮೇಫ್ಲೈ 10, ಏರೋಪ್ಲೇನ್ ಚಿಟ್ಟೆಯ ಮರಿ 8, ಬಲೆ ನೇಯುವ ಕ್ಯಾಡಿಸ್ 5, ರಕ್ತಹುಳುವಿನ ಕುಟುಂಬ 2: ಒಟ್ಟು 35, ಸರಾಸರಿ 7. ಚರಂಡಿ ಸೇರಿದ ಜಾಗದಲ್ಲಿ ಜಿಗಣೆ 3, ಬಸವನಹುಳು 3, ರಕ್ತಹುಳು 2, ಕೆಸರಿನ ಎರೆಹುಳು 1 ಮಾತ್ರ ಸಿಕ್ಕರೆ ಸರಾಸರಿ 2.25. ಹೆಚ್ಚು ಹುಡುಕಿದಷ್ಟೂ ಒಟ್ಟು ಮೊತ್ತ ಏರುತ್ತದೆ. ಹಾಗಾಗಿ ನಂಬಬೇಕಾದದ್ದು ಸರಾಸರಿಯನ್ನು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂಥದ್ದೇ ಅಂಕದ ಜೊತೆಗೆ ವೈವಿಧ್ಯದ ಲೆಕ್ಕ ಸೇರಿಸಿ, ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಲ್ಲಿ ಇಡುತ್ತದೆ.

ಮಿತಿಗಳೂ ಇವೆ. ಹುಳಗಳು ನೀರು ಕೆಟ್ಟಿದೆ ಎನ್ನುತ್ತವೆ, ಯಾವ ವಿಷದಿಂದ ಎಂದು ಹೇಳಲಾರವು. ಅದಕ್ಕೆ ಲ್ಯಾಬೇ ಬೇಕು. ಮಲೆನಾಡಿನ ಕಲ್ಲುಹಳ್ಳವನ್ನೂ ಬಯಲುಸೀಮೆಯ ಮರಳು ಹೊಳೆಯನ್ನೂ ಒಂದೇ ಅಂಕದಿಂದ ತೂಗುವುದು ಅನ್ಯಾಯ. ಮರಳು ತಳದಲ್ಲಿ ಸ್ಟೋನ್‌ಫ್ಲೈ ಹುಡುಕಿದರೆ ನಿರಾಸೆಯೇ ಗತಿ, ನೀರು ಎಷ್ಟೇ ಚೆನ್ನಾಗಿರಲಿ. ಹೋಲಿಸುವುದಾದರೆ ಅದೇ ಹೊಳೆಯಲ್ಲಿ, ಊರಿನ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಹೋಲಿಸಿ. ಮಳೆಗಾಲದ ನೆರೆ ಹುಳಗಳನ್ನು ಕೊಚ್ಚಿಕೊಂಡು ಹೋಗಿರುತ್ತದೆ. ನೀರು ತಿಳಿಯಾಗಿ ಕೆಲವು ವಾರ ಕಳೆದ ಮೇಲೆ ಬಲೆ ಹಿಡಿಯಿರಿ, ಪ್ರತಿ ವರ್ಷವೂ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ.