ಕಪಿಲೆಯ ಬಯಲಲ್ಲಿ ಜೀವಗಳ ಲೆಕ್ಕ

ಮೈಸೂರು ಜಿಲ್ಲೆಯ ವನ್ಯಜೀವಿಗಳ ಮಾತು ಬಂದಾಗಲೆಲ್ಲ ನಾಗರಹೊಳೆ, ಬಂಡೀಪುರಗಳ ಹೆಸರೇ ಮೊದಲು ಕೇಳಿಬರುತ್ತದೆ. ಆದರೆ ಆ ಕಾಡುಗಳ ಅಂಚಿನಿಂದ ಪೂರ್ವಕ್ಕೆ, ಕಪಿಲೆಯು ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವವರೆಗೆ ಹರಡಿರುವ ಬಯಲೂ ಜೀವಿಗಳ ಮಟ್ಟಿಗೆ ಬಡವೇನಲ್ಲ. ಹೆಡಿಯಾಲದ ಕಾಡಂಚು, ಹಳ್ಳಿಹಳ್ಳಿಯ ಕೆರೆ, ನಾಲೆಯ ನೀರಿನ ಗದ್ದೆ, ಕಬ್ಬಿನ ತೋಟ, ತಲಕಾಡಿನ ಮರಳುದಿಬ್ಬ ಇವೆಲ್ಲ ಬೇರೆಬೇರೆ ಗಿಡ, ಹಕ್ಕಿ, ಮೀನು, ಕೀಟಗಳಿಗೆ ನೆಲೆಯಾಗಿವೆ. ಜೀವವೈವಿಧ್ಯವೆಂದರೆ ಒಂದು ಪ್ರದೇಶದ ಜೀವಿಪ್ರಭೇದಗಳಷ್ಟೇ ಅಲ್ಲ. ಅವುಗಳೊಳಗಿನ ತಳಿಭೇದಗಳೂ ಅವು ಬದುಕುವ ನೆಲ-ನೀರಿನ ವ್ಯವಸ್ಥೆಗಳೂ ಅದರಲ್ಲಿ ಸೇರುತ್ತವೆ. ಅಭಯಾರಣ್ಯಗಳಲ್ಲಿ ಈ ಲೆಕ್ಕವಿಡಲು ಒಂದು ಇಲಾಖೆಯೇ ಇದೆ. ಬಯಲಿಗೆ ಅಂಥ ಖಾಯಂ ಲೆಕ್ಕಿಗರಿಲ್ಲದಿರುವುದರಿಂದ, ಅದರ ಬಗೆಗಿನ ತಿಳಿವಳಿಕೆ ಹಳೆಯ ನಿಯತಕಾಲಿಕೆಗಳಲ್ಲಿ, ವಿಜ್ಞಾನ ಸಮ್ಮೇಳನಗಳ ಪ್ರಬಂಧಗಳಲ್ಲಿ ಮತ್ತು ಈಚಿನ ಎರಡು ದಶಕಗಳಲ್ಲಿ ಬೆಳೆದ ಅಂತರ್ಜಾಲ ದತ್ತಕೋಶಗಳಲ್ಲಿ ಚದುರಿಹೋಗಿದೆ.

ಹಳೆಯ ದಾಖಲೆಗಳಲ್ಲಿ ಎರಡನ್ನು ಮುಖ್ಯವಾಗಿ ಹೇಳಬೇಕು. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಸಿದ ಪಕ್ಷಿ ಸಮೀಕ್ಷೆಯ ವರದಿ ಮುಂಬಯಿ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ರಂಗನತಿಟ್ಟು ಪಕ್ಷಿಧಾಮವಾದದ್ದೂ ಆ ಕಾಲದಲ್ಲಿಯೇ. ಸಸ್ಯಗಳ ಮಟ್ಟಿಗೆ ಆರ್. ರಾಘವೇಂದ್ರ ರಾವ್ ಮತ್ತು ಬಿ. ಎ. ರಜಿ ಅವರು 1981ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವೇ ಇಂದಿಗೂ ಆಧಾರ. ಒಂದು ಕಾಲಕ್ಕೆ ಇಂಥವನ್ನು ಓದಬೇಕಾದರೆ ದೊಡ್ಡ ಗ್ರಂಥಾಲಯಗಳ ಬಾಗಿಲು ಕಾಯಬೇಕಿತ್ತು. ಈಗ ಹಕ್ಕು ಮುಗಿದ ನಿಸರ್ಗ ಗ್ರಂಥಗಳನ್ನೂ ಅನುಮತಿ ದೊರೆತ ಪತ್ರಿಕೆಗಳನ್ನೂ ಪುಟಪುಟವಾಗಿ ಸ್ಕ್ಯಾನ್ ಮಾಡಿ ಉಚಿತವಾಗಿ ಒದಗಿಸುವ 'ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ'ಯಂಥ ಜಾಲತಾಣಗಳಿರುವುದರಿಂದ, ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ಎಂಬತ್ತು ವರ್ಷದ ಹಿಂದಿನ ಪಕ್ಷಿಪಟ್ಟಿಯನ್ನು ಇಂದಿನದರೊಡನೆ ಹೋಲಿಸಬಹುದು.

ಚದುರಿದ ದಾಖಲೆಗಳು ಒಂದೆಡೆ ಸೇರಿದರೆ ಏನಾದೀತು ಎಂಬುದಕ್ಕೆ ಕಪಿಲೆಯ ಮೀನೊಂದರ ಕಥೆಯೇ ಸಾಕು. 1946ರ ಮಾರ್ಚ್‌ನಲ್ಲಿ, ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವೆನಿಸುವಂತೆ ತುಂಬುವುದರಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಅವರು ಕಪಿಲಾ ನದಿಯಲ್ಲಿ ಗಾಳ ಹಾಕಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಸೀರ್ ಮೀನನ್ನು ಹಿಡಿದರು. ಗಾಳಗಾರರ ಜಗತ್ತಿನಲ್ಲಿ ಅದು ದಾಖಲೆಯಾಗಿ ಉಳಿದಿದೆ. ಬೆನ್ನಿನ ಮೇಲೆ ಡುಬ್ಬವಿರುವ, ಕಾವೇರಿ ಕೊಳ್ಳದಲ್ಲಿ ಮಾತ್ರ ಸಿಗುವ ಈ ಮಹಸೀರ್ ಲೋಕಪ್ರಸಿದ್ಧವಾಗಿದ್ದರೂ ವಿಜ್ಞಾನದಲ್ಲಿ ಅದಕ್ಕೊಂದು ಖಚಿತವಾದ ಹೆಸರೇ ಇರಲಿಲ್ಲವೆಂಬುದು ವಿಚಿತ್ರವಾದರೂ ನಿಜ. 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೀನಿನ ದೇಹರಚನೆ ಹಾಗೂ ವಂಶವಾಹಿಗಳನ್ನು ಪರಿಶೀಲಿಸಿ, ಕಾವೇರಿಯ ಉಪನದಿಯಾದ ಅಮರಾವತಿಗೆ ಸೇರುವ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಈ ಮೊದಲೇ ವಿವರಿಸಲಾಗಿದ್ದ 'ಟಾರ್ ರೇಮಾದೇವಿಯೈ' ಎಂಬ ಪ್ರಭೇದವೂ ಇದೂ ಒಂದೇ ಎಂದು ತೋರಿಸಿದರು. ಆ ಪ್ರಬಂಧ ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಮುಕ್ತ ಪತ್ರಿಕೆಯಲ್ಲಿ ಬಂದಿತು. ಹೆಸರು ಖಚಿತವಾದ ವರ್ಷವೇ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು 'ತೀವ್ರ ಅಪಾಯದಂಚಿನ' ಜೀವಿ ಎಂದು ಸೇರಿತು. ಹೆಸರಿಲ್ಲದ ಜೀವಿಗೆ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ. ವರ್ಗೀಕರಣ ಶಾಸ್ತ್ರವೆಂದರೆ ಒಣ ವಿದ್ವತ್ತೆಂದು ಮೂಗು ಮುರಿಯುವವರು ಗಮನಿಸಬೇಕಾದ ಮಾತಿದು.

ಮೀನು ಕಡಿಮೆಯಾಗುತ್ತಿದೆ ಎಂಬುದು ತಿಳಿದ ಬಗೆ ಇನ್ನೂ ಕುತೂಹಲದ್ದು. ಕಾವೇರಿಯ ಕೆಳಹರಿವಿನ ಗಾಳಿಬೋರೆಯಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ವಿಶ್ಲೇಷಿಸಿದಾಗ, ಡುಬ್ಬದ ಮಹಸೀರ್ ಇಳಿಮುಖವಾಗಿದ್ದೂ, ಮೀನುಮರಿ ಉತ್ಪಾದನಾ ಕೇಂದ್ರಗಳಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಸೀರ್ ಅದರ ಜಾಗವನ್ನು ತುಂಬುತ್ತಿದ್ದುದೂ ಕಂಡುಬಂದವು. ಹವ್ಯಾಸಿಗಳ ಮೋಜಿನ ಪುಸ್ತಕ ಹೀಗೆ ವಿಜ್ಞಾನದ ಸಾಕ್ಷಿಯಾಯಿತು. ಗಾಳಗಾರರಂತೆಯೇ ನರಸೀಪುರದ ಸಂಗಮದ ಸುತ್ತ ಬಲೆ ಬೀಸುವ ಬೆಸ್ತರಿಗೂ ಯಾವ ಮೀನು ಯಾವ ಮಡುವಿನಲ್ಲಿ, ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಅವರ ಲೆಕ್ಕ ಮಾತ್ರ ಪುಸ್ತಕಕ್ಕೆ ಏರುವುದು ಅಪರೂಪ.

ಹಕ್ಕಿಗಳ ಪಾಲಿಗೆ ಪರಿಸ್ಥಿತಿ ತಕ್ಕಮಟ್ಟಿಗೆ ಉತ್ತಮ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಕೊಯ್ಲಾದ ಗದ್ದೆಗಳಿಗೆ ಮೇಯಲು ಹೋಗುತ್ತವೆ. ಮಧ್ಯ ಏಷ್ಯಾದಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಇವುಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಮಂಗೋಲಿಯಾದ ವಿಜ್ಞಾನಿಗಳು ಹೆಬ್ಬಾತಿನ ಕುತ್ತಿಗೆಗೆ ದೂರದಿಂದಲೇ ಓದಬಹುದಾದ ಅಕ್ಷರ, ಅಂಕಿಗಳಿರುವ ಪ್ಲಾಸ್ಟಿಕ್ ಪಟ್ಟಿ ತೊಡಿಸುತ್ತಾರೆ. ಅಂಥ ಪಟ್ಟಿ ಹೊತ್ತ ಹಕ್ಕಿಗಳು ಹದಿನಾರಿನಲ್ಲೂ ಕಂಡಿವೆ. ಏರಿಯ ಮೇಲೆ ನಿಂತವರು ದೂರದರ್ಶಕದಲ್ಲಿ ಓದಿದ ನಾಲ್ಕಾರು ಅಕ್ಷರಗಳಿಂದ ಆ ಹಕ್ಕಿಗೆ ಪಟ್ಟಿ ಬಿದ್ದ ಸರೋವರ ಯಾವುದೆಂಬುದು ಗೊತ್ತಾಗುತ್ತದೆ.

ಇಂಥ ನೋಟಗಳು ಒಂದೆಡೆ ಸೇರುವ ಮುಖ್ಯ ತಾಣ 'ಇ-ಬರ್ಡ್'. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರವು 2002ರಲ್ಲಿ ಆರಂಭಿಸಿದ ಈ ದತ್ತಕೋಶಕ್ಕೆ ಪಟ್ಟಿ ಸಲ್ಲಿಸುವವರು ಕೆರೆಯ ಹೆಸರು, ನೋಡಲು ತೊಡಗಿದ ಹೊತ್ತು, ನೋಡಿದ ಅವಧಿ, ನಡೆದ ದೂರ ಇವನ್ನೆಲ್ಲ ತುಂಬಿ, ಗುರುತಿಸಿದ ಹಕ್ಕಿಗಳನ್ನು ಸಂಖ್ಯೆಯೊಡನೆ ನಮೂದಿಸುತ್ತಾರೆ. ಕೊನೆಯಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಗುರುತಿಸಿದ ಹಕ್ಕಿಗಳೆಲ್ಲವೂ ಪಟ್ಟಿಯಲ್ಲಿವೆಯೆ? ಹೌದೆಂದರೆ ಅದು 'ಪೂರ್ಣ ಪಟ್ಟಿ'. ಕಾಗೆ, ಮೈನಾ, ನಾಮದ ಕೋಳಿಗಳನ್ನು ಬಿಟ್ಟು ಹೆಬ್ಬಾತನ್ನಷ್ಟೇ ಬರೆದ ಪಟ್ಟಿಯಿಂದ ಹೆಬ್ಬಾತು ಬಂದಿತ್ತೆಂಬುದು ಮಾತ್ರ ತಿಳಿಯುತ್ತದೆ. ಪೂರ್ಣ ಪಟ್ಟಿಯಾದರೋ ಅಲ್ಲಿ ಏನು ಕಾಣಲಿಲ್ಲ ಎಂಬುದನ್ನೂ ಹೇಳುವುದರಿಂದ, ಒಂದು ಹಕ್ಕಿ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂದು ಅಳೆಯಲು ಬರುತ್ತದೆ. ಅಸಹಜವೆನಿಸುವ ಸಂಖ್ಯೆಗಳನ್ನೂ ಹೆಸರುಗಳನ್ನೂ ಆಯಾ ಪ್ರದೇಶದ ಪರಿಶೀಲಕರು ನೋಡಿ, ಅಗತ್ಯವಿದ್ದರೆ ಪುರಾವೆ ಕೇಳುತ್ತಾರೆ. 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ 942 ಪ್ರಭೇದಗಳನ್ನು ವಿಶ್ಲೇಷಿಸಿ 178ನ್ನು ಹೆಚ್ಚಿನ ಸಂರಕ್ಷಣೆ ಬೇಕಾದವೆಂದು ಗುರುತಿಸಿದ್ದು ಇಂಥ ಮೂರು ಕೋಟಿಗೂ ಮಿಕ್ಕಿದ ದಾಖಲೆಗಳಿಂದಲೇ.

ಆದರೂ ಜನ ಹೋದಲ್ಲಿ ಮಾತ್ರ ಪಟ್ಟಿ ಹುಟ್ಟುತ್ತದೆ. ಹೆಬ್ಬಾತು ಬರುವ ತಿಂಗಳುಗಳಲ್ಲಿ ಹದಿನಾರಿಗೆ ಕ್ಯಾಮೆರಾ ಹೊತ್ತು ಬರುವವರು ಮಳೆಗಾಲದಲ್ಲಿ ಪಕ್ಕದ ಹಳ್ಳಿಯ ಹೆಸರಿಲ್ಲದ ಕಟ್ಟೆಯತ್ತ ತಿರುಗಿ ನೋಡುವುದಿಲ್ಲ. ಈ ಓರೆಯನ್ನು ತಿದ್ದಲೆಂದೇ ಪ್ರದೇಶವನ್ನು ಸಮನಾದ ಚೌಕಗಳಾಗಿ ವಿಂಗಡಿಸಿ, ಚೀಟಿ ಎತ್ತಿದಂತೆ ಆರಿಸಿದ ಜಾಗಗಳಲ್ಲಿ ಎಣಿಸುವ ಪಕ್ಷಿ ನಕಾಶೆಯ ಪದ್ಧತಿ ಬಂದಿದೆ. ಮೈಸೂರು ನಗರಕ್ಕೆ ಅಂಥ ನಕಾಶೆ 2014-16ರ ಅವಧಿಯಲ್ಲಿ ಸಿದ್ಧವಾಯಿತು. ಕೇರಳದ ನಕಾಶೆಗಾಗಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ದುಡಿದರು. ಹೀಗಾಗಿ ಕಪಿಲೆ ಹುಟ್ಟುವ ವಯನಾಡಿನ ಹಕ್ಕಿಗಳ ಲೆಕ್ಕ ಚೌಕಚೌಕವಾಗಿ ದೊರೆಯುತ್ತದೆ; ಅದೇ ನದಿ ಗದ್ದೆಗೆ ನೀರುಣಿಸುವ ಬಯಲಿನದು ಇನ್ನೂ ಅಲ್ಲೊಂದು ಇಲ್ಲೊಂದು.

ಸಮ್ಮೇಳನಗಳಲ್ಲಿ ಕರ್ನಾಟಕದ ಮಟ್ಟಿಗೆ ಗಮನಾರ್ಹವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ. ವಿ. ರಾಮಚಂದ್ರ ಅವರ ತಂಡ 1998ರಲ್ಲಿ ಆರಂಭಿಸಿ ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದಿರುವ 'ಲೇಕ್' ಸಮ್ಮೇಳನ. ಅದು ರಾಜಧಾನಿಯಲ್ಲಿಯೇ ಕುಳಿತಿಲ್ಲ. 2014ರಲ್ಲಿ ಶಿರಸಿಯಲ್ಲಿ, 2016ರಲ್ಲಿ ಮೂಡುಬಿದಿರೆಯಲ್ಲಿ ನಡೆಯಿತು. ಅಲ್ಲಿ ಶಾಲಾ ಮಕ್ಕಳೂ ತಮ್ಮೂರಿನ ಕೆರೆಯ ನೀರನ್ನು ಪರೀಕ್ಷಿಸಿ, ಸುತ್ತಲಿನ ಗಿಡ-ಹಕ್ಕಿಗಳ ಪಟ್ಟಿ ಮಾಡಿ ಪ್ರಬಂಧ ಮಂಡಿಸುತ್ತಾರೆ, ಪ್ರಬಂಧಗಳು ಜಾಲತಾಣದಲ್ಲಿ ಉಳಿಯುತ್ತವೆ. 2016ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಡೆದ 103ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಸಡಗರದ ಮುಂದೆ ಇದು ಚಿಕ್ಕದಾಗಿ ಕಾಣಬಹುದಾದರೂ, ಒಂದು ಕೆರೆಯ ಬಗ್ಗೆ ತಿಳಿಯಬೇಕಾದವನಿಗೆ ಒದಗುವುದು ಈ ಚಿಕ್ಕದೇ. ಗಿಡಗಳಿಗಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ, ಅಂದರೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ, ಕಿತ್ತ ಸ್ಥಳ ಮತ್ತು ದಿನವನ್ನು ಬರೆದಿಟ್ಟ ಸಸ್ಯಗಳ ಸಂಗ್ರಹ, ತನ್ನ ಮಾಹಿತಿಯನ್ನು ಜಾಲತಾಣದ ಮೂಲಕ ತೆರೆದಿಟ್ಟಿದೆ. ಗುರುತು ಸಿಗದ ಜೀವಿಯ ಚಿತ್ರವನ್ನು ಹಾಕಿ ಬಲ್ಲವರಿಂದ ಹೆಸರು ತಿಳಿಯಲು 2008ರಲ್ಲಿ ಆರಂಭವಾದ 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಇದೆ.

ಬೆಳೆಗಳ ವೈವಿಧ್ಯ ಮಾತ್ರ ಈ ತಾಣಗಳ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗಕ್ಕೆ ಸಿಕ್ಕಿ ತನ್ನ ತವರಿನಲ್ಲೇ ಅಪರೂಪವಾಗಿದೆ. ಇಂಥ ತಳಿಗಳನ್ನೂ ಅವುಗಳ ಬಗೆಗಿನ ರೈತರ ಅರಿವನ್ನೂ ಬರೆದಿಡಬೇಕಾದದ್ದು 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ರಚನೆಯಾಗುವ ನಿರ್ವಹಣಾ ಸಮಿತಿ ಸಿದ್ಧಪಡಿಸುವ 'ಜನತಾ ಜೀವವೈವಿಧ್ಯ ದಾಖಲಾತಿ'ಯಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿದ ಮೇಲೆ ದೇಶದಾದ್ಯಂತ ದಾಖಲಾತಿಗಳು ಭರದಿಂದ ಸಿದ್ಧವಾದವು. ಗಡುವಿನ ಭರದಲ್ಲಿ ತುಂಬಿದ ಪುಸ್ತಕ ಬೆಸ್ತನ ಮಡುವಿನವರೆಗೂ ಬಾಳೆತೋಟದ ಬದುವಿನವರೆಗೂ ಹೋಗಿರುತ್ತದೆಂದು ನಂಬುವುದು ಕಷ್ಟ.

ಎಲ್ಲವನ್ನೂ ಬಯಲಿಗಿಡುವುದೂ ಸರಿಯಲ್ಲ. 'ಐ-ನ್ಯಾಚುರಲಿಸ್ಟ್' ಎಂಬ ತಾಣ ಅಪಾಯದಂಚಿನ ಜೀವಿಗಳ ನಿಖರ ಸ್ಥಳವನ್ನು ಮುಚ್ಚಿ, ಸುಮಾರು 20 ಕಿಲೋಮೀಟರ್ ಅಗಲದ ಚೌಕವೊಂದರೊಳಗೆ ಎಲ್ಲೋ ಇದೆಯೆಂದಷ್ಟೇ ತೋರಿಸುತ್ತದೆ. ನಂಜನಗೂಡಿನಿಂದ ನರಸೀಪುರಕ್ಕಿರುವ ದೂರದ ಬಹುಪಾಲು ಅಂಥ ಒಂದೇ ಚೌಕದಲ್ಲಿ ಅಡಗಿಬಿಡುತ್ತದೆ. ಮಹಸೀರ್ ಉಳಿದಿರುವ ಮಡುವಿಗೆ ಸಿಡಿಮದ್ದು ಹಾಕುವವರ ಕೈಗೆ ವಿಳಾಸ ಸಿಗದಿರಲು ಇದು ಒಳ್ಳೆಯ ಉಪಾಯ. ಆದರೆ 2022ರ ಕೊನೆ ಮತ್ತು 2023ರ ಆರಂಭದಲ್ಲಿ ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳಿಂದ ಸಾವುಗಳು ಸಂಭವಿಸಿ, ಮೈಸೂರಿನಲ್ಲಿ ಅರಣ್ಯ ಇಲಾಖೆಯು ಚಿರತೆ ಕಾರ್ಯಪಡೆಯನ್ನು ರಚಿಸಬೇಕಾಗಿ ಬಂದ ದಿನಗಳಲ್ಲಿ, ಊರಿನವರಿಗೆ ಬೇಕಾಗಿದ್ದದ್ದು ಚಿರತೆ ಇರುವ ಕಬ್ಬಿನ ಗದ್ದೆ ಯಾವುದು ಎಂಬ ಮಾಹಿತಿ, ಅದೂ ಅಂದಿನ ಸಂಜೆಯೊಳಗೆ.